ಹಬ್ಬ ಬೇಕು, ಹಬ್ಬದ ಮನೆಯವರು ಬೇಡ

ಕಳೆದ ತಿಂಗಳು ಸಾಹಿತ್ಯ ಸಂಘದ ಸಭೆಗೆ, ಹಳೆಯ ವಿದ್ಯಾರ್ಥಿ ಅನ್ನುವ ಸಲಿಗೆಯಿಂದ, ಹೋಗಿ ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಕವಿತೆ ಓದುವುದು ಮುಗಿಯಿತು, ಚಹಾ ಬಂತು, ಮಾತು ಎಲ್ಲೆಲ್ಲೋ ಸುತ್ತಿ ಕೊನೆಗೆ ಹಾಸ್ಟೆಲಿಗೆ ಬಂತು. ಈ ಸಲ ಡಿಸೆಂಬರಿನಲ್ಲಿ ಹಾಸ್ಟೆಲಿನ ಹಜಾರದಲ್ಲಿ ಕ್ರಿಸ್ಮಸ್ ಮರ ಇಡಬೇಕೋ ಬೇಡವೋ ಅನ್ನುವುದು ಪ್ರಶ್ನೆ. ಒಬ್ಬರು ಎದ್ದು ನಿಂತು, ಇದು ನಮ್ಮ ಮಣ್ಣಿನದಲ್ಲ, ಬಿಳಿಯರು ಬಿಟ್ಟುಹೋದ ಕಸ, ಸಾಹಿತ್ಯ ಸಂಘದವರೇ ಇದನ್ನು ಹೊತ್ತು ಮೆರೆಸಿದರೆ ಹೇಗೆ ಅಂದರು. ಇನ್ನೊಬ್ಬರು, "ಅದರಲ್ಲಿ ಧರ್ಮ ಎಲ್ಲಿ ಬಂತು? ಅಂಗಡೀಲಿ ಪ್ಲಾಸ್ಟಿಕ್ ಮರ ಸಿಗುತ್ತೆ, ಲೈಟು ಹಾಕಿದರೆ ಚೆಂದ ಕಾಣುತ್ತೆ, ನಾಲ್ಕು ಫೋಟೋ ತೆಗೀಬಹುದು, ಅಷ್ಟೇ" ಅಂದರು. ಮುಕ್ಕಾಲು ಗಂಟೆ ಜಗಳವಾಯಿತು. ದೇಸಿ, ವಸಾಹತುಶಾಹಿ, ಜಾಗತೀಕರಣ, ಎಲ್ಲ ಶಬ್ದಗಳೂ ಬಂದುಹೋದವು. ಆ ಕೋಣೆಯಲ್ಲಿ ಇಬ್ಬರು ಕ್ರೈಸ್ತ ವಿದ್ಯಾರ್ಥಿಗಳಿದ್ದರು. ಒಬ್ಬಳು ಆಗಷ್ಟೇ ಒಳ್ಳೆಯದೊಂದು ಕವಿತೆ ಓದಿದ್ದಳು. ಅವರಿಬ್ಬರನ್ನು ಯಾರೂ ಏನೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಮನೆಗೆ ಬಂದ ಮೇಲೆ ಅದು ಚುಚ್ಚತೊಡಗಿತು. ಕಾರಣ ಉಂಟು. ಕ್ರಿಸ್ಮಸ್ ಮರದ ಬಗ್ಗೆ ನನಗಿರುವ ಅಭಿಪ್ರಾಯ ಪುಸ್ತಕ ಓದಿ ಬಂದದ್ದಲ್ಲ, ಕಲ್ಕತ್ತಾದ ಒಂದು ಓಣಿಯಿಂದ ಬಂದದ್ದು. ಮೊದಲು ಅದನ್ನು ಹೇಳಿಬಿಡುತ್ತೇನೆ. ಆಮೇಲೆ ಜಗಳಕ್ಕೆ ಬರೋಣ.

ಅಪ್ಪ ಬ್ಯಾಂಕಿನಲ್ಲಿದ್ದರು. ದಕ್ಷಿಣ ಕನ್ನಡದಲ್ಲಿ ಹುಟ್ಟಿದ ಬ್ಯಾಂಕುಗಳು ದೇಶದ ಮೂಲೆಮೂಲೆಯಲ್ಲಿ ಶಾಖೆ ತೆರೆಯುತ್ತಿದ್ದ ಕಾಲ ಅದು. ಶಾಖೆ ಎಲ್ಲೋ ವರ್ಗ ಅಲ್ಲಿಗೆ. 1976ರಲ್ಲಿ, ನನಗೆ ಆರು ವರ್ಷವಾಗಿದ್ದಾಗ, ನಾವು ಕಲ್ಕತ್ತಾಕ್ಕೆ ಹೋದೆವು. 2001ರಲ್ಲಿ ಆ ಊರಿನ ಹೆಸರು ಕೋಲ್ಕತ್ತಾ ಅಂತ ಆಯಿತು, ನನ್ನ ಬಾಯಿಗೆ ಮಾತ್ರ ಇನ್ನೂ ಹತ್ತಿಲ್ಲ. ದಕ್ಷಿಣದವರೆಲ್ಲ ಲೇಕ್ ಮಾರ್ಕೆಟ್ ಕಡೆಯೇ ಮನೆ ಹುಡುಕುತ್ತಿದ್ದರು. ಅಲ್ಲಿ ಕಾಫಿಪುಡಿ, ಕರಿಬೇವು, ಬಾಳೆಲೆ ಎಲ್ಲ ಸಿಗುತ್ತದೆ. ನಮಗೆ ಅಲ್ಲಿನ ಬಾಡಿಗೆ ಹೊಂದಲಿಲ್ಲ. ಎಲಿಯಟ್ ರೋಡಿನಿಂದ ಒಳಗೆ ಹೋಗುವ ಓಣಿಯೊಂದರಲ್ಲಿ ಹಳೇ ಮೂರಂತಸ್ತಿನ ಮನೆ ಸಿಕ್ಕಿತು. ನಡುವಿನ ಅಂತಸ್ತು ನಮ್ಮದು. ಮೇಲೆ ಬಿಹಾರದ ಕಡೆಯ ಒಂದು ಮುಸ್ಲಿಂ ಕುಟುಂಬ. ಕೆಳಗೆ ಒಬ್ಬರೇ ಇರುತ್ತಿದ್ದ ಒಬ್ಬ ಆಂಗ್ಲೋ-ಇಂಡಿಯನ್ ಆಂಟಿ. ಗಂಡ ರೈಲ್ವೆಯಲ್ಲಿದ್ದು ತೀರಿಕೊಂಡಿದ್ದರು. ಮಕ್ಕಳಿಬ್ಬರೂ ಆಸ್ಟ್ರೇಲಿಯಾಕ್ಕೆ ಹೋಗಿ ನೆಲೆಸಿದ್ದರು. ಸ್ವಾತಂತ್ರ್ಯ ಬಂದ ಮೇಲೆ ಆ ಜನಾಂಗದವರು ಇಂಗ್ಲೆಂಡು, ಕೆನಡಾ, ಆಸ್ಟ್ರೇಲಿಯಾ ಅಂತ ಹಡಗು ಹತ್ತುತ್ತಲೇ ಇದ್ದರು. ಆಂಟಿ ಹತ್ತಲಿಲ್ಲ. "ಅಲ್ಲಿ ಹೋಗಿ ನಾನು ಯಾರ ಜತೆ ಜಗಳ ಆಡಲಿ?" ಅಂತ ಹಿಂದಿಯಲ್ಲಿ ಹೇಳುತ್ತಿದ್ದರು.

ಬಂಗಾಳಿಗಳು ಕ್ರಿಸ್ಮಸ್ಸಿಗೆ ಬೊಡೊದಿನ್ ಅಂತಾರೆ. ದೊಡ್ಡ ದಿನ ಅಂತ. ಡಿಸೆಂಬರ್ ಹದಿನೈದರ ಹೊತ್ತಿಗೆ ಆಂಟಿ ನಮ್ಮನ್ನೆಲ್ಲ, ಅಂದರೆ ನಾನು, ನನ್ನ ತಂಗಿ, ಮೇಲಿನ ಮನೆಯ ಮೂವರು ಮಕ್ಕಳು, ಕೆಳಗೆ ಕರೆಯುತ್ತಿದ್ದರು. 1874ರಿಂದ ಇರುವ ಹಾಗ್ ಮಾರ್ಕೆಟ್ಟಿನಿಂದ, ಅದನ್ನೇ ಎಲ್ಲರೂ ನ್ಯೂ ಮಾರ್ಕೆಟ್ ಅನ್ನುವುದು, ಒಂದಾಳೆತ್ತರದ ಝಾವ್ ಮರದ ಕೊಂಬೆ ಕೈಗಾಡಿಯಲ್ಲಿ ಬಂದಿರುತ್ತಿತ್ತು. ಝಾವ್ ಅಂದರೆ ಬೇರೇನಲ್ಲ, ನಮ್ಮ ಗಾಳಿಮರ, ಸರ್ವೆಮರ ಅಂತಲೂ ಅನ್ನುತ್ತೇವಲ್ಲ, ಅದು. ಸೀಮೆಎಣ್ಣೆ ಡಬ್ಬದ ಬಾಯಿ ಕತ್ತರಿಸಿ, ಮರಳು ಇಟ್ಟಿಗೆಚೂರು ತುಂಬಿ, ಕೊಂಬೆ ನಿಲ್ಲಿಸಿ, ಡಬ್ಬಕ್ಕೆ ಕೆಂಪು ಕಾಗದ ಸುತ್ತಬೇಕು. ಆ ಕೆಲಸ ನನ್ನದು. ಚಹಾ ಪೆಟ್ಟಿಗೆಯ ಒಳಗಡೆ ಹಚ್ಚಿರುವ ಬೆಳ್ಳಿ ಹಾಳೆಯನ್ನು ಹರಿಯದ ಹಾಗೆ ಬಿಡಿಸಿ ನಕ್ಷತ್ರ ಕತ್ತರಿಸುವುದು ಮೇಲಿನ ಮನೆಯವರ ಕೆಲಸ. ಹಾಸಿಗೆ ಹೊಲಿಯುವವನ ಹತ್ತಿರ ಚೂರುಪಾರು ಹತ್ತಿ ತಂದರೆ ಅದೇ ಹಿಮ. ನಾವ್ಯಾರೂ ಹಿಮ ನೋಡಿದವರಲ್ಲ. ಆಂಟಿಯೂ ನೋಡಿದವರಲ್ಲ. ಒಂದು ವರ್ಷ ಅಮ್ಮ ತಾನು ಬಾಗಿಲ ತೋರಣಕ್ಕೆ ಅಂತ ಹೆಣೆಯುತ್ತಿದ್ದ ಮಣಿಯ ಗಿಳಿಯೊಂದನ್ನು ಕೊಟ್ಟು ಕಳಿಸಿದಳು. ಹಸಿರು ಗಿಳಿ, ಕೆಂಪು ಕೊಕ್ಕು. ಮುಂದಿನ ಎಲ್ಲ ವರ್ಷಗಳಲ್ಲೂ ಮರಕ್ಕೆ ಮೊದಲು ಏರುತ್ತಿದ್ದದ್ದು ಆ ಗಿಳಿಯೇ.

ಕೇಕಿನದ್ದು ಇನ್ನೊಂದು ಸಂಭ್ರಮ. ಮನೆಯಲ್ಲಿ ಒಲೆ ಇದ್ದರೂ ಅಷ್ಟು ಕೇಕು ಸುಡುವ ಗೂಡು ಇಲ್ಲ. ತಾಲ್ತಲಾ ಕಡೆಯ ಬೇಕರಿಗಳಿಗೆ ಸಾಮಾನು ತಾವೇ ಹೊತ್ತು ಹೋಗಬೇಕು. ಮೈದಾ, ಬೆಣ್ಣೆ, ಮೊಟ್ಟೆ, ಸಕ್ಕರೆ, ತಿಂಗಳ ಹಿಂದೆಯೇ ರಮ್ಮಿನಲ್ಲಿ ನೆನೆಹಾಕಿದ ದ್ರಾಕ್ಷಿ, ಎಲ್ಲ. ಅಲ್ಲಿ ಮುಸ್ಲಿಂ ಮಿಸ್ತ್ರಿಗಳು ದೊಡ್ಡ ಬೇಸಿನ್ನಿನಲ್ಲಿ ಎಲ್ಲ ಹಾಕಿ ಕೈಯಲ್ಲೇ ನಾದಿ ನಾದಿ ಕಲಸುತ್ತಾರೆ. ಹಿಟ್ಟಿನ ಮೇಲೆ ಹೆಸರಿನ ಚೀಟಿ ಇಟ್ಟು ಗೂಡಿಗೆ ತಳ್ಳುತ್ತಾರೆ. ಆಂಟಿ ಒಂದು ಮಣೆ ಹಾಕಿಕೊಂಡು ಎದುರಿಗೇ ಕೂರುತ್ತಿದ್ದರು, ತಮ್ಮ ಬೆಣ್ಣೆ ಪಕ್ಕದವರ ಬೇಸಿನ್ನಿಗೆ ಹೋಗಬಾರದಲ್ಲ! ಸಾಲಿನಲ್ಲಿ ನಿಂತು ಅವರ ಚೀಲ ಕಾಯುವ ಭಾಗ್ಯ ನನಗೆ ಎರಡು ಸಲ ಸಿಕ್ಕಿದೆ. ಅಂಗಡಿಯಿಂದಲೇ ಕೇಕು ತರುವವರು ನ್ಯೂ ಮಾರ್ಕೆಟ್ಟಿನ ನಾಹೂಮ್ ಅಂಗಡಿಯ ಮುಂದೆ ಸಾಲು ಹಚ್ಚುತ್ತಿದ್ದರು. ಅದು 1902ರಲ್ಲಿ ಶುರುವಾದದ್ದು, ಬಾಗ್ದಾದಿನಿಂದ ಬಂದ ಯೆಹೂದಿಗಳದ್ದು. ಕ್ರೈಸ್ತರ ಹಬ್ಬ, ಯೆಹೂದಿಗಳ ಅಂಗಡಿ, ಮುಸಲ್ಮಾನರ ಕೈ, ತಿನ್ನುವವರು ಬಂಗಾಳಿ ಹಿಂದೂಗಳು. ಇದನ್ನು ಭಾಷಣ ಮಾಡಿ ಯಾರೂ ಮಾಡಿದ್ದಲ್ಲ. ಹೊಟ್ಟೆಪಾಡು ಮತ್ತು ನಾಲಗೆ, ಎರಡೂ ಸೇರಿ ಮಾಡಿದ್ದು.

ಮೊದಲ ವರ್ಷದ ಕ್ರಿಸ್ಮಸ್ಸಿನ ದಿನ ಆಂಟಿ ಮೇಲೆ ಒಂದು ತಟ್ಟೆ ಕಳಿಸಿದರು. ಮೊಟ್ಟೆಯ ಕೇಕು ನಮ್ಮ ಮನೆಯಲ್ಲಿ ನಡೆಯುವುದಿಲ್ಲ ಅಂತ ಕೇಳಿ ತಿಳಿದುಕೊಂಡು, ಅದನ್ನು ಬಿಟ್ಟು ಕರಿದ ತಿಂಡಿ ಮಾತ್ರ ಇಟ್ಟಿದ್ದರು. ಅಮ್ಮ ಬಟ್ಟೆ ಸರಿಸಿ ನೋಡಿ, "ಅರೆ, ಇದು ಕುಸ್ವಾರ್ ಅಲ್ವಾ!" ಅಂದಳು. ಮಂಗಳೂರಿನ ಕಡೆಯವರಿಗೆ ಹೇಳಬೇಕಾಗಿಲ್ಲ. ಕ್ರಿಸ್ಮಸ್ಸಿಗೆ ಕ್ರೈಸ್ತರ ಮನೆಗಳಿಂದ ನೆರೆಮನೆಗಳಿಗೆ ಹೋಗುವ ತಿಂಡಿತಟ್ಟೆಗೆ ಅಲ್ಲಿ ಕುಸ್ವಾರ್ ಅಂತ ಹೆಸರು. ಅದರಲ್ಲಿ ಬಾಚಣಿಗೆಯ ಮೇಲೋ ಫೋರ್ಕಿನ ಮೇಲೋ ಒತ್ತಿ ಸುರುಳಿ ಮಾಡಿ ಕರಿದ ಕಿಡಿಯೊ ಇರುತ್ತದೆ, ಹೂರಣ ತುಂಬಿದ ನೆವ್ರಿ ಇರುತ್ತದೆ, ಹೂವಿನ ಅಚ್ಚಿನಲ್ಲಿ ಅದ್ದಿ ಕರಿದದ್ದಿರುತ್ತದೆ. ಕಲ್ಕತ್ತಾದ ಆಂಟಿ ಕಿಡಿಯೊಗೆ ಕಲ್‌ಕಲ್ ಅಂದರು, ಹೂವಿನದ್ದಕ್ಕೆ ರೋಸ್ ಕುಕೀ ಅಂದರು. ತಿಂಡಿ ಒಂದೇ. ತವರಿನಲ್ಲಿ ಪಕ್ಕದ ಬಾಯಮ್ಮ ಕೊಡುತ್ತಿದ್ದ ತಟ್ಟೆ ಎರಡು ಸಾವಿರ ಕಿಲೋಮೀಟರು ಆಚೆ ಮೆಟ್ಟಿಲು ಹತ್ತಿ ಬಂದದ್ದು ನೋಡಿ ಅಮ್ಮನ ಕಣ್ಣು ಒದ್ದೆಯಾಯಿತು. ಭಾಷೆ ಬಾರದ ಊರಿನಲ್ಲಿ ಅವಳು ಮೂರು ತಿಂಗಳಿಂದ ಯಾರ ಜತೆಗೂ ನೆಟ್ಟಗೆ ಮಾತಾಡಿರಲಿಲ್ಲ. ಅವತ್ತೇ ಕೂತು ಚಕ್ಕುಲಿ ಸುತ್ತಿ ಅದೇ ತಟ್ಟೆಯಲ್ಲಿ ಕಳಿಸಿದಳು. ಖಾಲಿ ತಟ್ಟೆ ವಾಪಸು ಮಾಡಬಾರದು ಅನ್ನುವುದು ನಮ್ಮ ಕಡೆ ನಿಯಮ, ನೋಡಿ.

ಆ ವರ್ಷಗಳಲ್ಲಿ ಕಲ್ಕತ್ತಾದಲ್ಲಿ ಸಂಜೆಯಾದರೆ ಕರೆಂಟು ಹೋಗುತ್ತಿತ್ತು. ಲೋಡ್‌ಶೆಡಿಂಗ್ ಅನ್ನುವ ಶಬ್ದವನ್ನು ನಾವು ಬಂಗಾಳಿ ಕಲಿಯುವ ಮೊದಲೇ ಕಲಿತೆವು. ಆಂಟಿಯ ಮರಕ್ಕೆ ಬಣ್ಣದ ಬಲ್ಬಿನ ಸರ ಇತ್ತು, ಹೊತ್ತಿದ್ದು ಕಡಿಮೆ. ಒಂದು ಲಾಟೀನು ಪಕ್ಕದಲ್ಲಿಟ್ಟರೆ ಬೆಳ್ಳಿ ಹಾಳೆಯ ನಕ್ಷತ್ರಗಳು ಗೋಡೆಯ ಮೇಲೆ ಅಲ್ಲಾಡುತ್ತಿದ್ದವು. ಸುತ್ತ ಕೂತ ನಮಗೆ ಆಂಟಿ ರೈಲಿನ ಕತೆ ಹೇಳುತ್ತಿದ್ದರು. ನನ್ನ ಬಾಲ್ಯದಲ್ಲಿ ರಜೆ ಅಂದರೆ ಅದು.

ಈಗ ಜಗಳಕ್ಕೆ ಬರೋಣ. "ನಮ್ಮ ಮಣ್ಣಿನದಲ್ಲ" ಅಂದ ಗೆಳೆಯರಿಗೆ ಮೊದಲು ಉತ್ತರ. ನಿಮ್ಮ ಮಾತಿನಲ್ಲಿ ಸತ್ಯವೇ ಇಲ್ಲ ಅನ್ನಲಾರೆ. ಕಲ್ಕತ್ತಾದಲ್ಲಿ ಈ ಹಬ್ಬ ಬೆಳೆದದ್ದು ಧಣಿಗಳ ಹಬ್ಬವಾಗಿ. ಕಂಪನಿ ಸಾಹೇಬರ ಮನೆಗೆ ಗುಮಾಸ್ತರು, ವ್ಯಾಪಾರಿಗಳು ಹಣ್ಣು, ಮೀನು, ಮಿಠಾಯಿಯ ಬುಟ್ಟಿ ಹೊರಿಸಿಕೊಂಡು ಹೋಗಬೇಕಿತ್ತು. ಆ ಬುಟ್ಟಿಗೆ ಡಾಲಿ ಅಂತ ಹೆಸರು. ಕಾಣಿಕೆ ಅನ್ನಿ, ಲಂಚ ಅನ್ನಿ. ಆದರೆ ಅದೇ ಕಾಲದ ಇನ್ನೊಂದು ಚಿತ್ರ ಕೇಳಿ. ಎಲೈಜಾ ಫೇ ಅನ್ನುವ ಇಂಗ್ಲಿಷ್ ಹೆಂಗಸು 1780ರ ಕ್ರಿಸ್ಮಸ್ಸನ್ನು ಕಲ್ಕತ್ತಾದಲ್ಲಿ ಕಂಡು ಊರಿಗೆ ಪತ್ರ ಬರೆದಳು. ಸಾಹೇಬರ ಮನೆಗಳ ಹೆಬ್ಬಾಗಿಲಿನ ಎರಡೂ ಪಕ್ಕ ದೊಡ್ಡ ಬಾಳೆಗಿಡ ನಿಲ್ಲಿಸಿ, ಕಂಬಗಳಿಗೆ ಹೂಮಾಲೆ ಸುತ್ತಿದ್ದರಂತೆ. ಬಾಳೆಕಂಬ, ಹೂವಿನ ತೋರಣ! ನಮ್ಮ ಮದುವೆ ಮನೆ ಇದ್ದ ಹಾಗೆ. ಅಲಂಕಾರ ಮಾಡುವ ಕೈ ಈ ಮಣ್ಣಿನದೇ ಆದರೆ ಹಬ್ಬ ಯಾರದಾದರೂ ಬಾಗಿಲಿಗೆ ಬರುವುದು ಬಾಳೆಯೇ.

ದೀಪ ಹಚ್ಚಿದ ಸೂಜಿಯೆಲೆಯ ಮರ ಆಗ ಇಂಗ್ಲೆಂಡಿನ ಮನೆಮನೆಯಲ್ಲೂ ಇರಲಿಲ್ಲ. ಅದು ಜರ್ಮನಿಯ ಕಡೆಯ ಪದ್ಧತಿ. ವಿಕ್ಟೋರಿಯಾ ರಾಣಿಯ ಗಂಡ ಆಲ್ಬರ್ಟ್ ಜರ್ಮನಿಯವನು. 1848ರಲ್ಲಿ ಲಂಡನ್ನಿನ ಸಚಿತ್ರ ಪತ್ರಿಕೆಯೊಂದು ರಾಜಕುಟುಂಬ ಮರದ ಸುತ್ತ ನಿಂತಿರುವ ಚಿತ್ರ ಅಚ್ಚು ಹಾಕಿತು. ಆಮೇಲೆ ಇಂಗ್ಲೆಂಡಿನವರೆಲ್ಲ ಮರ ಇಡತೊಡಗಿದರು. ಅಂದರೆ ಇಂಗ್ಲಿಷರಿಗೂ ಅದು ಹೊರಗಿನಿಂದ ಬಂದದ್ದೇ, ದೊಡ್ಡವರನ್ನು ನೋಡಿ ಕಲಿತದ್ದೇ. ಬೈಬಲ್ಲಿನಲ್ಲಂತೂ ಕ್ರಿಸ್ಮಸ್ ಮರದ ಮಾತೇ ಇಲ್ಲ.

ಮಣ್ಣಿನ ಮಾತು ಆಡುವುದಾದರೆ ಗಾಳಿಮರವನ್ನೇ ತಗೊಳ್ಳಿ. ಅದೂ ಸಮುದ್ರದ ಆಚೆಯಿಂದ ಬಂದ ಮರ. ಇವತ್ತು ಕಾರವಾರದ ಮರಳಿನ ಮೇಲೆ ನಿಂತು ಅದು ಗಾಳಿಗೆ ಸುಯ್ಯೆನ್ನುವಾಗ ಯಾರಿಗೆ ಪರಕೀಯ ಅನ್ನಿಸುತ್ತದೆ? ಇಂಗ್ಲಿಷ್ ತರಗತಿಯಲ್ಲಿ ತೋರು ದತ್ತಳ ಗಾಳಿಮರದ ಕವಿತೆ ನೀವೂ ಓದಿರಬಹುದು. ಕಲ್ಕತ್ತಾದಲ್ಲಿ 1856ರಲ್ಲಿ ಹುಟ್ಟಿದವಳು. 1862ರಲ್ಲಿ ಇಡೀ ಕುಟುಂಬ ಕ್ರೈಸ್ತರಾಯಿತು. ಅಣ್ಣ ಸತ್ತ, ಅಕ್ಕ ಸತ್ತಳು, 1877ರಲ್ಲಿ ಇಪ್ಪತ್ತೊಂದು ವರ್ಷಕ್ಕೆ ಅವಳೂ ಹೋದಳು. ಆ ಕವಿತೆಯಲ್ಲಿ ಅವಳಿಗೆ ಮರ ಬೇಕಾದದ್ದು ಮರದ ಚೆಲುವಿಗಲ್ಲ, ಅದರ ಅಡಿಯಲ್ಲಿ ತನ್ನ ಜತೆ ಆಡಿದವರ ನೆನಪಿಗೆ. ಅದನ್ನು ಪರೀಕ್ಷೆಗೆ ಓದಿ ಅಂಕ ತಗೊಳ್ಳುವಾಗ ಅವಳು ನಮ್ಮವಳು, ಅವಳ ಹಬ್ಬ ಮಾತ್ರ ಕಸ ಅಂದರೆ ಯಾವ ನ್ಯಾಯ?

ಕನ್ನಡದ ವಿದ್ಯಾರ್ಥಿಗಳಿಗಂತೂ ಈ ಮಾತು ಆಡುವ ಹಕ್ಕೇ ಇಲ್ಲ ಅಂತ ನನ್ನ ಭಾವನೆ. ಕಲ್ಕತ್ತಾದ ಹತ್ತಿರ, ಹೂಗ್ಲಿ ನದಿಯ ದಂಡೆಯ ಸೆರಾಂಪುರದಲ್ಲಿ, ವಿಲಿಯಂ ಕೇರಿ 1817ರಲ್ಲಿ ಕನ್ನಡದ ವ್ಯಾಕರಣವೊಂದನ್ನು ಇಂಗ್ಲಿಷಿನಲ್ಲಿ ಬರೆದು ಅಚ್ಚು ಹಾಕಿಸಿದ. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. 1843ರಲ್ಲಿ ಮೋಗ್ಲಿಂಗ್ 'ಮಂಗಳೂರು ಸಮಾಚಾರ' ಹೊರಡಿಸಿದ. 1894ರಲ್ಲಿ ಕಿಟ್ಟೆಲ್ ನಿಘಂಟು ಬಂತು. ಅವರು ಬಂದದ್ದು ಮತಪ್ರಚಾರಕ್ಕೆ, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೂ ಹಳಗನ್ನಡದ ಶಬ್ದವೊಂದು ತಿಳಿಯದಾಗ ಕಿಟ್ಟೆಲ್ಲಿಗೇ ಕೈ ಹಾಕುತ್ತೇವೆ. ಮಂಜೇಶ್ವರದ ಗೋವಿಂದ ಪೈಗಳು ಏಸುವಿನ ಕಡೆಯ ದಿನವನ್ನು 'ಗೊಲ್ಗೊಥಾ' ಅಂತ ಖಂಡಕಾವ್ಯ ಮಾಡಿದರು. ಅವರು ತಮ್ಮ ಜಾತಿ ಬಿಟ್ಟವರಲ್ಲ, ಮತ ಬಿಟ್ಟವರಲ್ಲ. ಒಬ್ಬ ಮನುಷ್ಯನ ನೋವು ಬರೆಯುವುದಕ್ಕೆ ಅದೆಲ್ಲ ಬಿಡಬೇಕು ಅಂತ ಅವರಿಗೆ ಅನ್ನಿಸಲಿಲ್ಲ. ಶಾಂತಿನಿಕೇತನದಲ್ಲಿ ರವೀಂದ್ರರು 1910ರಲ್ಲೇ ಡಿಸೆಂಬರ್ 25ರಂದು ಕ್ರಿಸ್ತೋತ್ಸವ ಶುರುಮಾಡಿದರು. ಬೇಲೂರು ಮಠದಲ್ಲಿ ಇವತ್ತಿಗೂ ಕ್ರಿಸ್ಮಸ್ಸಿನ ಹಿಂದಿನ ಸಂಜೆ ಏಸುವಿನ ಪಟದ ಮುಂದೆ ಆರತಿ ನಡೆಯುತ್ತದೆ. ಇವರಿಗಿಂತ ನಾವು ಹೆಚ್ಚು ದೇಸಿಗಳೇನು?

ಇಷ್ಟು ಹೇಳಿದರೆ ಇನ್ನೊಂದು ಪಕ್ಷದವರಿಗೆ ಖುಷಿಯಾಗಬಹುದು. "ನೋಡಿ, ನಾವು ಹೇಳಿದ್ದೂ ಅದೇ, ಹಬ್ಬ ಎಲ್ಲರದೂ." ಸ್ವಲ್ಪ ತಡೆಯಿರಿ. ನನ್ನ ನಿಜವಾದ ಜಗಳ ಇರುವುದು ನಿಮ್ಮ ಜತೆ. ಯಾಕೆಂದರೆ ನಾನೂ ನಿಮ್ಮ ಪಕ್ಷದವನೇ ಆಗಿದ್ದೆ.

1982ರಲ್ಲಿ ಅಪ್ಪನಿಗೆ ಬಡ್ತಿ ಬಂತು. ಲೇಕ್ ಮಾರ್ಕೆಟ್ಟಿನ ಹತ್ತಿರ ಬ್ಯಾಂಕಿನದೇ ಮನೆ ಸಿಕ್ಕಿತು. ಸುತ್ತ ಕನ್ನಡ, ತಮಿಳು, ಮಲೆಯಾಳ. ಅಮ್ಮನಿಗೆ ಮಾತಾಡಲು ಜನ ಸಿಕ್ಕರು. ನಮಗೂ ಹೊಸ ಗೆಳೆಯರು. ಆ ಡಿಸೆಂಬರಿನಲ್ಲಿ ಆಂಟಿಯ ಮನೆಗೆ ಹೋಗಿಬಂದೆವು, ಒಂದು ಗಂಟೆ ಇದ್ದೆವು. ಮರ ಅವರೊಬ್ಬರೇ ಕಟ್ಟಿದ್ದರು. ಮರುವರ್ಷ ಹೋಗಲಿಲ್ಲ. ನಾನು ಮಾತ್ರ ಹೊಸ ಮನೆಯಲ್ಲಿ ತಂಗಿಯನ್ನು ಸೇರಿಸಿಕೊಂಡು ನಮ್ಮದೇ ಒಂದು ಮರ ಮಾಡಿದೆ. ಡಬ್ಬ, ಮರಳು, ಬೆಳ್ಳಿ ಹಾಳೆ, ಹತ್ತಿ, ಎಲ್ಲ ಆಂಟಿ ಕಲಿಸಿದ ಹಾಗೆಯೇ. ಅಪ್ಪ ಅಮ್ಮ ಬೇಡ ಅನ್ನಲಿಲ್ಲ. ಬಂದವರೆಲ್ಲ "ಅಡ್ಡಿಯಿಲ್ಲ, ಚೆಂದ ಮಾಡಿದ್ದೀ" ಅಂದರು.

ಆ ಕ್ರಿಸ್ಮಸ್ಸಿನ ಹೊತ್ತಿಗೆ ಊರಿನಿಂದ ದೊಡ್ಡಪ್ಪ ದೊಡ್ಡಮ್ಮ ಕಾಶಿ ಗಯೆ ಮುಗಿಸಿಕೊಂಡು ನಮ್ಮಲ್ಲಿ ಬಂದು ಇಳಿದಿದ್ದರು. ಮನೆಯಲ್ಲಿ ಮಡಿ, ಗಂಗಾಜಲದ ತಂಬಿಗೆ. ಡಿಸೆಂಬರ್ 25ರ ಸಂಜೆ ಕರೆಗಂಟೆ ಆಯಿತು. ಅಮ್ಮ ಬಾಗಿಲು ತೆಗೆದರೆ ಆಂಟಿ. ಪಾರ್ಕ್ ಸರ್ಕಸ್ಸಿನಲ್ಲಿ ಟ್ರಾಮು ಬದಲಾಯಿಸಿಕೊಂಡು, ಹೂವಿನ ಫ್ರಾಕು, ಮೇಲೊಂದು ಸ್ವೆಟರು, ಕೈಯಲ್ಲಿ ಕೇಕಿನ ಡಬ್ಬ. ಏದುಸಿರು ಬಿಡುತ್ತಿದ್ದರು, ಮನೆ ಮೂರನೇ ಮಹಡಿ. ಈ ಸಲ ಮೊಟ್ಟೆ ಇಲ್ಲದ್ದು ಮಾಡಿಸಿದ್ದೇನೆ, ಮಿಸ್ತ್ರಿ ಬೈದ, ಅಂತ ನಗುತ್ತ ಹೇಳಿದರು. ಒಳಗೆ ದೊಡ್ಡಪ್ಪ "ಯಾರದು?" ಅಂದರು. ಅಮ್ಮ ಒಂದು ಕ್ಷಣ ಹಿಂದೆ ನೋಡಿದಳು. ಆಮೇಲೆ ಡಬ್ಬ ತಗೊಂಡು, ಥ್ಯಾಂಕ್ಯೂ ಹೇಳಿ, ಮನೆಯಲ್ಲಿ ನೆಂಟರಿದ್ದಾರೆ ಅಂದಳು. ಒಳಗೆ ಬನ್ನಿ ಅನ್ನಲಿಲ್ಲ. ಅರ್ಧ ತೆಗೆದ ಬಾಗಿಲಿನಿಂದ ಒಳಗಿನ ಮೂಲೆಯಲ್ಲಿದ್ದ ನಮ್ಮ ಮರ ಆಂಟಿಗೆ ಕಂಡಿರಬೇಕು. ನಾನು ಆ ಮರದ ಪಕ್ಕದಲ್ಲೇ ನಿಂತಿದ್ದೆ. ನನಗೆ ಹದಿಮೂರು ವರ್ಷ. ಎರಡು ಹೆಜ್ಜೆ ಹಾಕಿದರೆ ಬಾಗಿಲು. ಹಾಕಲಿಲ್ಲ. "ಹ್ಯಾಪಿ ಕ್ರಿಸ್ಮಸ್, ಬಾಬಾ" ಅಂತ ಅಲ್ಲಿಂದಲೇ ಹೇಳಿ ಅವರು ಮೆಟ್ಟಿಲು ಇಳಿದರು. ಡಬ್ಬ ಚಪ್ಪಲಿ ಗೂಡಿನ ಮೇಲೆ ಕೂತಿತು. ಮರುದಿನ ಕೆಲಸದವಳ ಜತೆ ಹೋಯಿತು.

ಅಮ್ಮನನ್ನು ದೂರುತ್ತಿಲ್ಲ. ಅವಳಿಗೆ ಮನೆಯ ಹಿರಿಯರ ಎದುರು ಬಾಯಿ ಇರಲಿಲ್ಲ. ಮುಂದೆ ಎಷ್ಟೋ ಸಲ "ಅವತ್ತು ಆ ಬಾಯಮ್ಮನಿಗೆ ಒಂದು ಲೋಟ ನೀರೂ ಕೊಡಲಿಲ್ಲ" ಅಂತ ತಾನಾಗಿಯೇ ಹೇಳಿಕೊಂಡಿದ್ದಾಳೆ. 1986ರಲ್ಲಿ ನಾವು ಕಲ್ಕತ್ತಾ ಬಿಟ್ಟೆವು. ಹೊರಡುವ ಮೊದಲು ಅಮ್ಮ ಆ ಓಣಿಗೆ ಹೋಗಿದ್ದಳು. ಆಂಟಿ ಇರಲಿಲ್ಲ. ಮಗ ಬಂದು ಕರೆದುಕೊಂಡು ಹೋದನಂತೆ. ಮಣಿಯ ಗಿಳಿ ಏನಾಯಿತೋ ಗೊತ್ತಿಲ್ಲ.

ಈ ಕಾಲೇಜಿಗೆ ಸೇರಿದ ಮೇಲೆ ಚಿತ್ರ ಸಂಘದವರು ಅಪರ್ಣಾ ಸೇನ್ ಅವರ '36 ಚೌರಂಗಿ ಲೇನ್' ತೋರಿಸಿದರು. 1981ರ ಚಿತ್ರ. ಕಲ್ಕತ್ತಾದಲ್ಲಿ ಒಂಟಿಯಾಗಿರುವ ಆಂಗ್ಲೋ-ಇಂಡಿಯನ್ ಟೀಚರೊಬ್ಬಳ ಮನೆಯನ್ನು ಪ್ರೀತಿಸುವ ಹುಡುಗ ಹುಡುಗಿ ತಮಗೊಂದು ಏಕಾಂತ ಬೇಕು ಅಂತ ಬಳಸಿಕೊಳ್ಳುತ್ತಾರೆ. ಮದುವೆಯಾಗಿ ಸ್ವಂತ ಮನೆಯಾದ ಮೇಲೆ ಮುದುಕಿ ಬೇಡವಾಗುತ್ತಾಳೆ. ಕ್ರಿಸ್ಮಸ್ಸಿನ ರಾತ್ರಿ ಕೇಕು ಹಿಡಿದು ಅವರ ಮನೆಗೆ ಹೋದರೆ ಒಳಗೆ ಪಾರ್ಟಿ ನಡೆಯುತ್ತಿದೆ, ಅವಳಿಗೆ ಕರೆಯಿಲ್ಲ. ಗೆಳೆಯರು ಜೆನಿಫರ್ ಕೆಂಡಾಲಳ ಅಭಿನಯ, ಕ್ಯಾಮೆರಾ ಅಂತೆಲ್ಲ ಚರ್ಚೆ ಮಾಡುತ್ತಿದ್ದರು. ನಾನು ಎದ್ದು ಹೊರಗೆ ಬಂದೆ. ನನಗೆ ಅದು ಸಿನಿಮಾ ಆಗಿರಲಿಲ್ಲ.

2019ರ ಡಿಸೆಂಬರಿನಲ್ಲಿ ಕೆಲಸದ ಮೇಲೆ ಮತ್ತೆ ಕೋಲ್ಕತ್ತಾಕ್ಕೆ ಹೋಗಿದ್ದೆ. ಪಾರ್ಕ್ ಸ್ಟ್ರೀಟಿನಲ್ಲಿ ಕಾಲಿಡಲು ಜಾಗವಿಲ್ಲ. ಆ ರಸ್ತೆಗೆ ಈಗ ಮದರ್ ತೆರೇಸಾ ಸರಣಿ ಅಂತ ಹೆಸರಾದರೂ ಜನ ಹಳೆಯದೇ ಹೇಳುತ್ತಾರೆ. 2011ರಿಂದ ಅಲ್ಲಿನ ಅಲೆನ್ ಪಾರ್ಕಿನಲ್ಲಿ ಸರ್ಕಾರವೇ ಕ್ರಿಸ್ಮಸ್ ಉತ್ಸವ ನಡೆಸುತ್ತದೆ. ಬೆಳಕೋ ಬೆಳಕು. ತಲೆಯ ಮೇಲೆ ಕೆಂಪು ಟೋಪಿ, ಕೈಯಲ್ಲಿ ಫೋನು. ಸಂತೋಷಪಡುವವರನ್ನು ನೋಡಿ ಮುಖ ಸಿಂಡರಿಸುವ ವಯಸ್ಸು ನನಗಿನ್ನೂ ಬಂದಿಲ್ಲ, ಚೆಂದವೇ ಇತ್ತು. ಅಲ್ಲಿಂದ ಬೌ ಬ್ಯಾರಕ್ಸಿಗೆ ಹೋದೆ. ಮೊದಲನೇ ಮಹಾಯುದ್ಧದ ಕಾಲದಲ್ಲಿ ಸೈನಿಕರಿಗೆ ಅಂತ ಕಟ್ಟಿದ ಕೆಂಪಿಟ್ಟಿಗೆಯ ಮನೆಗಳು, ಹಸಿರು ಕಿಟಕಿ. ಆಮೇಲೆ ಆಂಗ್ಲೋ-ಇಂಡಿಯನ್ ಕುಟುಂಬಗಳು ಬಂದು ಇದ್ದವು, ಕೆಲವು ಈಗಲೂ ಇವೆ. ನಡುವಿನ ಬೀದಿಯಲ್ಲಿ ಅವರದೇ ಹಬ್ಬ ನಡೆಯುತ್ತದೆ. ಅದನ್ನು ನೋಡಲು ಬಂದ ನೂರಾರು ಜನರಲ್ಲಿ ನಾನೂ ಒಬ್ಬ. ಒಂದು ನೆಲಮಹಡಿಯ ಮನೆಯಲ್ಲಿ ಮರ ಇತ್ತು. ಕಿಟಕಿಯ ಒಳಗೆ ಫೋನು ತೂರಿಸಿ ಹುಡುಗರು ಫೋಟೋ ತೆಗೆಯುತ್ತಿದ್ದರು. ಒಳಗೆ ಊಟಕ್ಕೆ ಕೂತ ಮುದುಕಿಯೊಬ್ಬರು ಎದ್ದು ಬಂದು, ಏನೂ ಅನ್ನದೆ, ಪರದೆ ಎಳೆದರು.

ಒಂದು ತಿಂಗಳು ಕಳೆಯಿತು. 2020ರ ಜನವರಿಯಲ್ಲಿ ಸಂವಿಧಾನದ 104ನೇ ತಿದ್ದುಪಡಿ ಜಾರಿಗೆ ಬಂದು, ಲೋಕಸಭೆಯಲ್ಲಿ ಆಂಗ್ಲೋ-ಇಂಡಿಯನ್ನರಿಗೆ ಇದ್ದ ಎರಡು ನಾಮಕರಣದ ಸ್ಥಾನಗಳೂ, ವಿಧಾನಸಭೆಗಳಲ್ಲಿದ್ದವೂ ಇಲ್ಲವಾದವು. ಅದು ಸರಿಯೋ ತಪ್ಪೋ ಅನ್ನುವುದು ಬೇರೆ ಚರ್ಚೆ. ನಾನು ಕೇಳುವುದು ಇಷ್ಟೆ: ಕೆಂಪು ಟೋಪಿ ಹಾಕಿ ಹಬ್ಬ ಮಾಡಿದವರಲ್ಲಿ ಎಷ್ಟು ಜನಕ್ಕೆ ಆ ಸುದ್ದಿ ಗೊತ್ತಾಯಿತು? ಹಬ್ಬ ಪ್ರತಿವರ್ಷ ದೊಡ್ಡದಾಗುತ್ತಿದೆ, ಹಬ್ಬದ ಮನೆಯವರು ಪ್ರತಿವರ್ಷ ಕಡಿಮೆಯಾಗುತ್ತಿದ್ದಾರೆ. ಎರಡನ್ನೂ ಒಟ್ಟಿಗೆ ನೋಡುವವರು ಯಾರೂ ಇಲ್ಲ.

ಕಲ್ಕತ್ತಾ ದೂರದ ಊರು ಅಂತ ನಾವು ತಪ್ಪಿಸಿಕೊಳ್ಳುವ ಹಾಗಿಲ್ಲ. 2008ರ ಸೆಪ್ಟೆಂಬರ್ 14ರಂದು ಮಂಗಳೂರಿನಲ್ಲೂ ಸುತ್ತಮುತ್ತಲೂ ಕ್ರೈಸ್ತರ ಪ್ರಾರ್ಥನಾ ಮಂದಿರಗಳ ಮೇಲೆ ದಾಳಿ ನಡೆಯಿತು. ಪ್ರತಿ ಡಿಸೆಂಬರಿನಲ್ಲಿ ಅವರ ಮನೆಯ ಕುಸ್ವಾರ್ ತಿಂದು ಬಾಯಿ ಚಪ್ಪರಿಸಿದ ಎಷ್ಟು ನೆರೆಮನೆಯವರು ಆ ಸೆಪ್ಟೆಂಬರಿನಲ್ಲಿ ಎದ್ದು ಹೋಗಿ ಅವರ ಬಾಗಿಲು ತಟ್ಟಿದರು? ಕೆಲವರು ತಟ್ಟಿದ್ದಾರೆ, ನನಗೆ ಗೊತ್ತು. ನಾನು ತಟ್ಟಲಿಲ್ಲ. ಪತ್ರಿಕೆ ಓದಿ, "ಛೆ" ಅಂದು, ಆಫೀಸಿಗೆ ಹೋದೆ. ಹದಿಮೂರು ವರ್ಷದಲ್ಲಿ ಹಾಕದ ಎರಡು ಹೆಜ್ಜೆಯನ್ನು ಮೂವತ್ತೆಂಟು ವರ್ಷದಲ್ಲೂ ಹಾಕಲಿಲ್ಲ.

ಇನ್ನೊಬ್ಬರ ವಿಚಾರವನ್ನು, ಇನ್ನೊಬ್ಬರ ಧರ್ಮವನ್ನು ಸೈರಿಸಬಲ್ಲವನಿಗೆ ಅದೇ ಚಿನ್ನ ಅಂತ ಕವಿರಾಜಮಾರ್ಗ ಹೇಳುತ್ತದೆ. ನಮ್ಮ ಸಂಘದ ಆಹ್ವಾನ ಪತ್ರಿಕೆಯಲ್ಲಿ ಆ ಪದ್ಯ ಅಚ್ಚಾಗದ ವರ್ಷವಿಲ್ಲ. ಸಾವಿರದ ಇನ್ನೂರು ವರ್ಷಕ್ಕೆ ಹತ್ತಿರವಾದ ಆ ಮಾತಿಗೆ ನಾವು ಇನ್ನೂ ಮುಟ್ಟಿಲ್ಲ ಅನ್ನುವುದು ಒಂದು. ಇನ್ನೊಂದು, ನೆರೆಮನೆಯ ವಿಷಯಕ್ಕೆ ಬಂದರೆ ಸೈರಿಸಿದರೆ ಸಾಲುವುದಿಲ್ಲ. ನಮ್ಮ ಮನೆಯಲ್ಲೂ ಆವತ್ತು ಸೈರಣೆಗೆ ಏನೂ ಕಡಿಮೆ ಇರಲಿಲ್ಲ. ಕ್ರಿಸ್ಮಸ್ ಮರ ಇತ್ತು, ಕೇಕಿನ ಡಬ್ಬವನ್ನೂ ತಗೊಂಡೆವು. ಕರೆದು ಒಂದು ಕುರ್ಚಿ ಹಾಕಲಿಲ್ಲ, ಅಷ್ಟೇ.

ಆದ್ದರಿಂದ ಹಾಸ್ಟೆಲಿನ ಮರದ ವಿಷಯದಲ್ಲಿ ನನ್ನ ಅಭಿಪ್ರಾಯ ಇದು. ಅದು ದೇಸಿಯೋ ವಿದೇಶಿಯೋ ಅನ್ನುವ ಪ್ರಶ್ನೆ ಬಿಡಿ, ಕೆಲಸಕ್ಕೆ ಬಾರದ್ದು. ಕೈಯಲ್ಲಿ ಮಾಡಿದ್ದು ಎರಡು ವರ್ಷದಲ್ಲಿ ದೇಸಿ ಆಗುತ್ತದೆ. ಚೆಂದ ಕಾಣುತ್ತದೆ, ಅಂಗಡಿಯಲ್ಲಿ ಸಿಗುತ್ತದೆ ಅನ್ನುವುದನ್ನೂ ಬಿಡಿ. ಪ್ಲಾಸ್ಟಿಕ್ ಮರ ತಂದು ಹಜಾರದಲ್ಲಿ ನಿಲ್ಲಿಸಿ, ಅದೇ ಹಜಾರದಲ್ಲಿ ಊಟಕ್ಕೆ ಕೂರುವ ಇಬ್ಬರ ಹತ್ತಿರ ಒಂದು ಮಾತು ಕೇಳದಿದ್ದರೆ, ನೀವೂ ಬೌ ಬ್ಯಾರಕ್ಸಿನ ಕಿಟಕಿಯೊಳಗೆ ಫೋನು ತೂರಿಸಿದ ಹಾಗೆಯೇ. ಅವರಿಗೆ ಹಜಾರದಲ್ಲಿ ಮರ ಬೇಡ ಅನ್ನಿಸಬಹುದು. ತಮ್ಮ ಹಬ್ಬ ಮನೆಯೊಳಗೇ ಇರಲಿ ಅನ್ನಿಸಬಹುದು. ಪರೀಕ್ಷೆಯ ತಾರೀಖು ಹಬ್ಬದ ಬೆನ್ನಿಗೇ ಬಂದಿದೆ, ಊರಿಗೆ ಹೋಗಲು ಎರಡು ದಿನ ರಜೆ ಕೊಡಿಸಿ, ಅದೇ ದೊಡ್ಡ ಉಪಕಾರ ಅನ್ನಬಹುದು. ಆಗ ಸಂಘದವರು ಮರ ಬಿಟ್ಟು ರಜೆಯ ಅರ್ಜಿ ಬರೆಯಬೇಕು, ಎಲ್ಲರೂ ಸಹಿ ಹಾಕಬೇಕು. ಅದಕ್ಕೆ ತಯಾರಿದ್ದೀರಾ? ಇದ್ದರೆ ಹಬ್ಬ ನಿಮ್ಮದೂ ಹೌದು.

ಮುಂದಿನ ಸಭೆಗೆ ನಾನು ಬರುತ್ತೇನೆ. ಕವಿತೆ ಓದಿದ ಆ ಹುಡುಗಿಯನ್ನು ಮೊದಲು ಕೇಳುವುದು ನಾನೇ. ಮರ ಇಡೋಣ ಅಂದರೆ, ಸೀಮೆಎಣ್ಣೆ ಡಬ್ಬಕ್ಕೆ ಮರಳು ಎಷ್ಟು, ಇಟ್ಟಿಗೆ ಎಷ್ಟು ಹಾಕಬೇಕು ಅನ್ನುವುದು ನನಗೆ ಇನ್ನೂ ಮರೆತಿಲ್ಲ. ಒಳ್ಳೆಯ ಕೈಯಿಂದ ಕಲಿತದ್ದು.